ದೊಡ್ಡವ್ವನ ಪ್ಲೇಟಿನ ಎರಡನೇ ಮಗ್ಗುಲು

ನಾನು ಕಳಿಸುವ ವಾಯ್ಸ್ ಮೆಸೇಜು ಕಂಡರೆ ನನ್ನ ಮಗಳಿಗೆ ಆಗುವುದಿಲ್ಲ. ಎರಡು ನಿಮಿಷದ ಮೆಸೇಜಿನಲ್ಲಿ ಒಂದು ನಿಮಿಷ ಬರೀ ಫ್ಯಾನಿನ ಸದ್ದು ಇರುತ್ತದಂತೆ. ಊಟ ಆಯ್ತಾ ಅಂತ ಕೇಳುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಂಡು ಕಾಯುತ್ತೇನೆ. ಅವಳು ಆ ಕಡೆಯಿಂದ ಆಯ್ತು ಅಂದಳು ಅಂತ ನಾನೇ ಅಂದುಕೊಂಡು, ಏನು ಸಾರು ಅಂತ ಮುಂದಿನದಕ್ಕೆ ಹೋಗುತ್ತೇನೆ. ಅವಳು ಚಾಮರಾಜನಗರದಲ್ಲಿ ಇಸ್ಕೂಲು ಮೇಡಮ್ಮು. ಸ್ಟಾಫ್ ರೂಮಿನಲ್ಲಿ ನನ್ನ ಮೆಸೇಜು ಹಾಕಿ ಎಲ್ಲರನ್ನೂ ನಗಿಸಿದ್ದಾಳೆ. ನಗಲಿ ಬಿಡಿ, ಅವರ ಅಮ್ಮಂದಿರು ಏನೇನು ಕಳಿಸುತ್ತಾರೋ ನಾವು ಕೇಳಿದ್ದೇವಾ?

ಈ ಕಾಯಿಲೆ ನನಗೊಬ್ಬಳಿಗೆ ಬಂದದ್ದಲ್ಲ, ನಮ್ಮ ಮನೆಯದು. ನಮ್ಮ ದೊಡ್ಡವ್ವನಿಗೂ ಇತ್ತು. ನನ್ನದು ಫೋನು ತುಂಬಿದಾಗ ಅಳಿಸಿ ಹೋಗುತ್ತದೆ. ಅವಳದು ಮದ್ರಾಸಿನಲ್ಲಿ ಪ್ಲೇಟಾಗಿ ಅಚ್ಚಾಗಿಬಿಟ್ಟಿತು.

ಪ್ಲೇಟು ಅಂದರೆ ಊಟದ ತಟ್ಟೆ ಅಂದುಕೊಳ್ಳುವ ವಯಸ್ಸಿನವರೂ ನನ್ನ ಬರಹ ಓದುತ್ತೀರಿ ಅಂತ ಗೊತ್ತು, ಅದಕ್ಕೆ ಹೇಳುತ್ತೇನೆ. ಗ್ರಾಮಫೋನ್ ರೆಕಾರ್ಡಿಗೆ ನಮ್ಮ ಕೊಳ್ಳೇಗಾಲದ ಕಡೆ ಪ್ಲೇಟು ಅನ್ನುತ್ತಿದ್ದರು. ಕಪ್ಪಗೆ, ಭಾರವಾಗಿ, ಕೈಜಾರಿದರೆ ಹಪ್ಪಳದ ಹಾಗೆ ಚೂರಾಗುವ ವಸ್ತು. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ, ಆಮೇಲೆ ಮಗುಚಿ ಹಾಕಬೇಕು. ಪೆಟ್ಟಿಗೆಗೆ ಕೀಲಿ ಕೊಡಬೇಕು, ಸೂಜಿ ಬದಲಿಸಬೇಕು. ನಮ್ಮ ಮನೆಯಲ್ಲಿ ಕೀಲಿ ಕೊಡುವ ಕೆಲಸ ನನ್ನದು. ಜಾಸ್ತಿ ತಿರುಗಿಸಿ ಸ್ಪ್ರಿಂಗು ಮುರಿದವಳೂ ನಾನೇ. ಅಪ್ಪ ಅದನ್ನು ರಿಪೇರಿ ಮಾಡಿಸಿಕೊಂಡು ಬಂದ ಮೇಲೆ ನನ್ನನ್ನು ಪೆಟ್ಟಿಗೆಯಿಂದ ಮೂರು ಅಡಿ ದೂರ ಕೂರಿಸುತ್ತಿದ್ದ.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಪುಟ್ಟಮಾದಮ್ಮ. ಮಧುವನಹಳ್ಳಿಯ ನಮ್ಮ ಒಟ್ಟು ಮನೆಗೆ ಅವಳೇ ದೊಡ್ಡವಳು. ಹುಟ್ಟಿದ್ದು ಧನಗೆರೆಯಲ್ಲಿ. ಅದೇ ಬೀದಿಯಲ್ಲಿ ಅದೇ ವರ್ಷ ಹುಟ್ಟಿದವಳು ಸಣ್ಣತಾಯಮ್ಮ. ಇಬ್ಬರೂ ಎದುರುಬದುರು ಕುಳಿತು ರಾಗಿ ಬೀಸುತ್ತಾ ಪದ ಕಲಿತವರು. ಕಲ್ಲಿಗೆ ಗೂಟ ಒಂದೇ, ಹಿಡಿಯುವ ಕೈ ಇಬ್ಬರದು. ಗೂಟ ತನ್ನ ಕಡೆ ಬಂದಾಗ ದೊಡ್ಡವ್ವ ಒಂದು ಸೊಲ್ಲು ಹೇಳುವುದು, ಗೂಟ ಆ ಕಡೆ ಹೋದಾಗ ಸಣ್ಣತಾಯಮ್ಮ ಅದೇ ಸೊಲ್ಲನ್ನು ತಿರುಗಿ ಹೇಳಿ ಎತ್ತುವುದು. ಅವಳು ಎತ್ತುವಷ್ಟು ಹೊತ್ತಿನಲ್ಲಿ ಇವಳು ಉಸಿರು ತೆಗೆದುಕೊಂಡು ಮುಂದಿನ ಸೊಲ್ಲು ನೆನೆಸಿಕೊಳ್ಳುವುದು. ಹೀಗೆ ಏಳನೇ ವಯಸ್ಸಿನಿಂದ ಇಬ್ಬರಿಗೂ ಒಂದೇ ಉಸಿರು. ಪುಣ್ಯಕ್ಕೋ ಪಾಪಕ್ಕೋ ಇಬ್ಬರನ್ನೂ ಮಧುವನಹಳ್ಳಿಗೇ ಕೊಟ್ಟರು, ಎದುರು ಬದುರು ಮನೆಗೆ. ಸುತ್ತಲ ಹತ್ತು ಊರಿನ ಮದುವೆಗೆ ಸೋಬಾನೆ ಹೇಳುವುದಕ್ಕೆ ಇವರಿಬ್ಬರಿಗೇ ಮೊದಲು ವೀಳ್ಯ ಬರುತ್ತಿತ್ತಂತೆ.

ಸೋಬಾನೆಗೆ ನಮ್ಮ ಕಡೆ ಒಂದು ಕಟ್ಟುನಿಟ್ಟಿದೆ. ಮುಂದಿನವಳು ಹೇಳಿದ ಸೊಲ್ಲನ್ನು ಹಿಂದಿನವಳು ಎತ್ತಲೇಬೇಕು. ಎತ್ತದಿದ್ದರೆ ಸೊಲ್ಲು ಬಿತ್ತು ಅನ್ನುತ್ತಾರೆ. ಸೊಲ್ಲು ಬಿದ್ದ ಮದುವೆಯ ಹೆಣ್ಣು ಗಂಡನ ಮನೆಯಲ್ಲಿ ಕೂಗಿದರೆ ಓ ಅನ್ನುವವರು ಇರುವುದಿಲ್ಲವಂತೆ. ನಾನು ಇದನ್ನು ನಂಬುತ್ತೇನಾ ಅಂತ ಕೇಳಬೇಡಿ. ನನ್ನ ಮದುವೆಯಲ್ಲಿ ಮೈಕ್ ಸೆಟ್ಟಿನವನು ಬೆಳಗಿಂದ ಸಂಜೆತನಕ ಅರಚಿಸಿದ. ಒಂದು ಸೊಲ್ಲೂ ಬೀಳಲಿಲ್ಲ. ಆದರೂ ನಮ್ಮ ಯಜಮಾನರು ನಾನು ಮೂರು ಸಲ ಕೂಗಿದ ಮೇಲೆಯೇ ಓ ಅನ್ನುವುದು.

ಈಗ ಮದ್ರಾಸಿನ ಕಥೆ. ನಾನಿನ್ನೂ ಹುಟ್ಟಿರಲಿಲ್ಲ. ಕೊಳ್ಳೇಗಾಲವನ್ನು ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿ ಮೈಸೂರು ರಾಜ್ಯಕ್ಕೆ ಸೇರಿಸಿದ ಮಾರನೇ ವರ್ಷ. ತಾಲ್ಲೂಕಾಫೀಸಿನ ಕಾಗದವೆಲ್ಲ ಈ ಕಡೆ ಬಂದಿದ್ದರೂ ಹಾಡಿಸುವ ಕಂಪನಿಗಳು ಮದ್ರಾಸಿನಲ್ಲೇ ಇದ್ದವು. ಕೊಳ್ಳೇಗಾಲದ ಪೇಟೆಯಲ್ಲಿ ಗ್ರಾಮಫೋನು ಮಾರುವ ಒಬ್ಬ ಸಾಹುಕಾರರಿದ್ದರು, ಊರೆಲ್ಲ ಅವರನ್ನು ಪ್ಲೇಟು ಸಾವ್ಕಾರರು ಅನ್ನುತ್ತಿತ್ತು. ಅವರು ಯಾವುದೋ ಮದುವೆಯಲ್ಲಿ ಈ ಇಬ್ಬರ ಸೋಬಾನೆ ಕೇಳಿ, ಇದನ್ನು ಪ್ಲೇಟು ಮಾಡಿಸಿದರೆ ಮದುವೆಮನೆಯವರೆಲ್ಲ ಮುಗಿಬಿದ್ದು ಕೊಳ್ಳುತ್ತಾರೆ ಅಂತ ಎಣಿಸಿದರು. ಕಂಪನಿಯವರು ಮಾತ್ರ ಒಬ್ಬರೇ ಸಾಕು ಅಂತ ಬರೆದರು. ಒಂದೇ ಸಾಲನ್ನು ಎರಡು ಸಲ ಹೇಳಿಸಿ ಪ್ಲೇಟಿನ ಜಾಗ ಯಾಕೆ ದಂಡ ಮಾಡುವುದು ಅನ್ನುವುದು ಅವರ ವಾದ.

ದೊಡ್ಡವ್ವ ಒಪ್ಪಿಕೊಂಡಳು. ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಮೊದಲು ತಾನು ಹೋಗಿ ಬಂದು, ಎರಡನೇ ಸಲಕ್ಕೆ ಸಣ್ಣತಾಯಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳಂತೆ. ಅಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಎದುರು ಮನೆಯವಳಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಯಳಂದೂರಿನಲ್ಲಿ ದೊಡ್ಡವ್ವನ ತಂಗಿಗೆ ಆಗತಾನೆ ಹೆರಿಗೆ ಆಗಿತ್ತು. ತಂಗಿಯನ್ನು ನೋಡಿಕೊಂಡು ಬರುತ್ತೇನೆ ಅಂದುಬಿಟ್ಟಳು.

ಸಣ್ಣತಾಯಮ್ಮ ಸುಮ್ಮನೆ ಕಳಿಸುವ ಹೆಂಗಸಲ್ಲ. ಬಾಣಂತಿಗೆ ಅಂತ ಒಂದು ಗಂಟು ಕಟ್ಟಿಕೊಟ್ಟಳು. ತುಪ್ಪ, ಬೆಳ್ಳುಳ್ಳಿ, ಒಣಕೊಬ್ಬರಿ, ಮೇಲೆ ತನ್ನ ಹಳೇ ಸೀರೆಯ ಸೆರಗಿನಲ್ಲಿ ಹೊಲಿದ ಒಂದು ಕುಲಾವಿ. ಬಸ್ಸು ಯಳಂದೂರಿನ ಕಡೆ ತಿರುಗದೆ ಮೈಸೂರಿನ ಕಡೆ ಹೋಯಿತು, ಅಲ್ಲಿಂದ ರೈಲು. ದೊಡ್ಡವ್ವ ಬಾಣಂತಿಯ ತುಪ್ಪ ತೊಡೆಯ ಮೇಲೆ ಇಟ್ಟುಕೊಂಡು ಮದ್ರಾಸು ಸೇರಿದಳು. ಜೊತೆಗಿದ್ದ ದೊಡ್ಡಪ್ಪ ಬದುಕಿರುವ ತನಕ ಹೇಳುತ್ತಿದ್ದ, ಮದ್ರಾಸಿನ ಬಿಸಿಲಿಗೆ ಆ ತುಪ್ಪ ಕರಗಿ, ಗಂಟೆಲ್ಲ ಜಿಡ್ಡಾಗಿ, ಹೋದಲ್ಲೆಲ್ಲ ಇವರ ಹಿಂದೆ ನೊಣ ಬರುತ್ತಿದ್ದವಂತೆ.

ಹಾಡಿಸುವ ಕೋಣೆಯ ಗೋಡೆಗೆಲ್ಲ ಕಂಬಳಿ ಹೊದಿಸಿದ್ದರಂತೆ. ಇಷ್ಟು ಸೆಕೆಯಲ್ಲಿ ಗೋಡೆಗೆ ಯಾಕೆ ಚಳಿ ಅಂತ ದೊಡ್ಡವ್ವ ಕೇಳಿದ್ದಕ್ಕೆ ಯಾರೂ ನಗಲಿಲ್ಲ, ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಕೆಂಪು ದೀಪ ಹತ್ತಿದಾಗ ಹಾಡಬೇಕು. ಹತ್ತಿತು, ಹಾಡಿದಳು. ಒಂದು ಸೊಲ್ಲು ಹೇಳಿ ನಿಲ್ಲಿಸಿದಳು. ಗಾಜಿನ ಆಚೆ ಇದ್ದ ಕಂಪನಿಯ ಸಾರು, ಅಂದರೆ ಸರ್, ಬಂದು ಕೈಸನ್ನೆ ಮಾಡುತ್ತಾ ತಮಿಳಿನಲ್ಲಿ, ನಿಲ್ಲಿಸಬೇಡಮ್ಮ, ಒಂದೇ ಸಮ ಹೇಳು ಅಂದರು. ಸರಿ ಅಂದಳು. ದೀಪ ಹತ್ತಿತು, ಹೇಳಿದಳು, ನಿಲ್ಲಿಸಿದಳು. ಹೀಗೆ ಐದಾರು ಸಲ ಆದ ಮೇಲೆ ಆ ಸಾರು ತಲೆ ಚಚ್ಚಿಕೊಂಡು ಒಬ್ಬ ಪಿಟೀಲಿನವನನ್ನು ಕರೆಸಿದರು. ಇವಳು ನಿಲ್ಲಿಸಿದಾಗೆಲ್ಲ ಅದೇ ಸೊಲ್ಲನ್ನು ಅವನು ಪಿಟೀಲಿನಲ್ಲಿ ನುಡಿಸುವುದು. ಮೊದಲನೇ ಮಗ್ಗುಲು ಹಾಗೆ ಮುಗಿಯಿತು.

ಎರಡನೇ ಮಗ್ಗುಲಿಗೆ ಪಿಟೀಲಿನವನು ಇರಲಿಲ್ಲ, ಇನ್ನೊಂದು ಕಡೆ ನುಡಿಸಲು ಹೊರಟುಹೋಗಿದ್ದ. ಸಂಜೆಯ ರೈಲಿಗೆ ಇವರು ಹೊರಡಬೇಕು. ದೊಡ್ಡವ್ವ ನಿಲ್ಲಿಸುವುದಿಲ್ಲ ಅಂತ ಆಣೆ ಮಾಡಿ ಮೈಕಿನ ಮುಂದೆ ನಿಂತಳು. ಆ ಮಗ್ಗುಲಿಗೆ ಆರಿಸಿಕೊಂಡಿದ್ದದ್ದು ಹೆಣ್ಣು ಒಪ್ಪಿಸುವ ಪದ, ಮದುವೆಯ ಕೊನೆಗೆ ತವರಿನವರು ಹುಡುಗಿಯನ್ನು ಕಳಿಸಿಕೊಡುವಾಗ ಹೇಳುವುದು. ಹದಿನಾಲ್ಕು ಸೊಲ್ಲು. ಹದಿನಾಲ್ಕಕ್ಕೂ ನಿಂತಳು. ಆ ಸಾರಿಗೆ ಸಾಕಾಗಿತ್ತು. ಇವರ ಕಡೆ ಹಾಡುವುದೇ ಹೀಗೆ ಇರಬೇಕು ಅಂದುಕೊಂಡು ಹಾಗೇ ಅಚ್ಚು ಹಾಕಿಸಿಬಿಟ್ಟರು.

ಒಂದು ಸೊಲ್ಲು, ಆಮೇಲೆ ಅಷ್ಟೇ ಉದ್ದ ಸೂಜಿಯ ಸುಯ್ ಅನ್ನುವ ಸದ್ದು. ಇನ್ನೊಂದು ಸೊಲ್ಲು, ಮತ್ತೆ ಸುಯ್. ಕೊಂಡವರೆಲ್ಲ ಪ್ಲೇಟು ಕೆಟ್ಟಿದೆ ಅಂತ ವಾಪಸು ತಂದರು. ಕೆಟ್ಟಿಲ್ಲ, ಸೊಲ್ಲು ಬಿದ್ದಿದೆ ಅಂತ ಗೊತ್ತಾದ ಮೇಲೆ ಒಬ್ಬರೂ ಮದುವೆಮನೆಯಲ್ಲಿ ಹಾಕಲಿಲ್ಲ. ಸಾವ್ಕಾರರು ಬೇಸರಪಟ್ಟುಕೊಂಡು ಉಳಿದ ಒಂದು ಹಳೇ ಗ್ರಾಮಫೋನು ಪೆಟ್ಟಿಗೆ ಮತ್ತು ಒಂದು ಪ್ಲೇಟನ್ನು ನಮ್ಮ ಮನೆಗೆ ಕೊಟ್ಟು ಕೈತೊಳೆದುಕೊಂಡರು. ನಮ್ಮ ದೊಡ್ಡವ್ವನ ಹಾಡುಗಾರಿಕೆಯ ಪ್ರಸಿದ್ಧಿ ಒಟ್ಟು ಆರೂವರೆ ನಿಮಿಷ, ಅದರಲ್ಲಿ ಅರ್ಧ ಹೊತ್ತು ಅವಳು ಬಾಯೇ ಬಿಟ್ಟಿಲ್ಲ.

ಸಣ್ಣತಾಯಮ್ಮನಿಗೆ ವಿಷಯ ಗೊತ್ತಾದದ್ದು ಯಳಂದೂರಿನ ತಂಗಿ ಮಗು ಎತ್ತಿಕೊಂಡು ಮಧುವನಹಳ್ಳಿಗೆ ಬಂದಾಗ. ಕುಲಾವಿ ಸರಿಯಾಗಿ ಕೂತಿತಾ ಅಂತ ಇವಳು ಕೇಳಿದಳು. ಯಾವ ಕುಲಾವಿ ಅಂತ ಅವಳು ಕೇಳಿದಳು. ಅದಾದ ವಾರಕ್ಕೆ ಕೊಳ್ಳೇಗಾಲದ ಸಂತೆಗೆ ಹೋದಾಗ ಸಾವ್ಕಾರರ ಅಂಗಡಿಯ ಮುಂದೆ ಪ್ಲೇಟಿನ ಮೊದಲನೇ ಮಗ್ಗುಲು ಹಾಡುತ್ತಿತ್ತು. ದೊಡ್ಡವ್ವ ಸೊಲ್ಲು ಹೇಳುತ್ತಾಳೆ, ಪಿಟೀಲು ಎತ್ತುತ್ತದೆ. ಸಣ್ಣತಾಯಮ್ಮ ನಾಲ್ಕು ಸೊಲ್ಲು ನಿಂತು ಕೇಳಿದಳಂತೆ. ಮಗುಚಿ ಹಾಕುವ ಮೊದಲೇ ಹೊರಟುಹೋದಳು.

ಬೈದಿದ್ದರೆ ಚೆನ್ನಾಗಿತ್ತು ಅಂತ ದೊಡ್ಡವ್ವ ಹೇಳುತ್ತಿದ್ದಳು. ಅವಳು ಬೈಯಲಿಲ್ಲ. ಬೀದಿ ಬಾಗಿಲು ಬಿಟ್ಟು ಹಿತ್ತಲ ಬಾಗಿಲಲ್ಲಿ ಓಡಾಡಲು ಶುರು ಮಾಡಿದಳು, ಎದುರು ಮನೆ ಕಣ್ಣಿಗೆ ಬೀಳಬಾರದು ಅಂತ. ಮಾರನೇ ವರ್ಷ ಅವಳ ಗಂಡ ಹನೂರಿನ ಆಚೆ, ಮಾರ್ಟಳ್ಳಿಯಲ್ಲಿ ಜಮೀನು ತೆಗೆದುಕೊಂಡು ಸಂಸಾರ ಸಮೇತ ಹೋದ. ಮಾರ್ಟಳ್ಳಿ ತಮಿಳುನಾಡಿನ ಗಡಿ, ಬೀದಿಯಲ್ಲೆಲ್ಲ ತಮಿಳೇ. ಅಲ್ಲಿ ಅವಳ ಸೋಬಾನೆ ಯಾರಿಗೆ ಬೇಕು?

ದೊಡ್ಡವ್ವ ಆಮೇಲೂ ಮದುವೆಗಳಿಗೆ ಹೋಗುತ್ತಿದ್ದಳು, ಆದರೆ ಹಿಂದಿನ ಸಾಲಿನಲ್ಲಿ ಕೂತು ಬಾಯಿ ಆಡಿಸಿ ಬರುತ್ತಿದ್ದಳು. ಯಾರಾದರೂ ಮುಂದೆ ಹೇಳು ಅಂದರೆ ಗಂಟಲು ಕಟ್ಟಿದೆ ಅನ್ನುವಳು. ಹದಿನೇಳು ವರ್ಷ ಕಟ್ಟಿದ ಗಂಟಲು ಅದು. ನಡುವೆ ಉಬ್ಬಸ ಬೇರೆ ಬಂತು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳ ದನಿ ಒಡೆದ ಮಡಕೆ. ಪೆಟ್ಟಿಗೆಯಲ್ಲಿ ಹಾಡುವ ಹೆಂಗಸು, ಒಲೆಯ ಮುಂದೆ ಕೆಮ್ಮುವ ಹೆಂಗಸು ಒಬ್ಬಳೇ ಅಂತ ನಾನು ಬಹಳ ದಿನ ನಂಬಿರಲಿಲ್ಲ. ನಾನು ಆ ಪ್ಲೇಟು ಹಾಕುತ್ತಿದ್ದದ್ದು ದೊಡ್ಡವ್ವ ಹೊಲಕ್ಕೆ ಹೋದಾಗ ಮಾತ್ರ. ಎರಡನೇ ಮಗ್ಗುಲೇ ನನಗೆ ಇಷ್ಟ. ಅವಳು ನಿಲ್ಲಿಸಿದಾಗೆಲ್ಲ ನಾನು ಎತ್ತುತ್ತಿದ್ದೆ. ನನ್ನ ದನಿ ಆಗಲೂ ಈಗಲೂ ಒಂದೇ, ನಮ್ಮ ಅವ್ವ ಅದಕ್ಕೆ ಎಮ್ಮೆ ಕರು ಅನ್ನುತ್ತಿದ್ದಳು.

ದೊಡ್ಡವ್ವನಿಗೆ ಒಬ್ಬಳೇ ಮಗಳು, ನಮ್ಮ ರಾಜಮ್ಮಕ್ಕ. ಅವಳಿಗೆ ಬಂದ ಮೂರು ಸಂಬಂಧ ಮಾತುಕತೆಯವರೆಗೆ ಬಂದು ತಪ್ಪಿದವು. ಸೊಲ್ಲು ಬೀಳಿಸಿದವಳ ಮಗಳಲ್ಲವಾ ಅಂತ ಊರ ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಂಡರು. ನಾಲ್ಕನೆಯದು ಯಳಂದೂರಿನ ಗಂಡು, ಕೂಡಿಬಂತು. ದಿನ ಗೊತ್ತಾದ ಮೇಲೆ ಎಲ್ಲರಿಗೂ ಖುಷಿ, ದೊಡ್ಡವ್ವ ಮಾತ್ರ ಊಟ ಬಿಟ್ಟಳು. ಹೆಣ್ಣು ಒಪ್ಪಿಸುವ ಪದದ ಹದಿನಾಲ್ಕು ಸೊಲ್ಲು ಮದ್ರಾಸಿನಲ್ಲಿ ಬಿದ್ದಿವೆ, ಅದನ್ನು ಎತ್ತಿಸದೆ ಚಪ್ಪರದ ಗುಂಡಿ ತೋಡಬೇಡಿ ಅಂತ ಹಟ ಹಿಡಿದಳು. ದೊಡ್ಡಪ್ಪ ರೇಗಿದ, ನಮ್ಮಪ್ಪ ಬುದ್ಧಿ ಹೇಳಿದ. ಅವಳು ಕೇಳಲಿಲ್ಲ. ಎತ್ತಬೇಕಾದವಳು ಒಬ್ಬಳೇ, ಮಾರ್ಟಳ್ಳಿಯಲ್ಲಿದ್ದಳು.

ನಾನಾಗ ಒಂಬತ್ತನೇ ಕ್ಲಾಸು. ಪೆಟ್ಟಿಗೆ ನಡೆಸಲು ಬರುತ್ತದೆ ಅಂತ ನನ್ನನ್ನು ಕರೆದುಕೊಂಡಳು. ವೀಳ್ಯದೆಲೆ, ಅಡಿಕೆ, ಅರಿಸಿನ ಕುಂಕುಮ ಒಂದು ಚೀಲದಲ್ಲಿ. ಪ್ಲೇಟನ್ನು ಮೂರು ಸೀರೆಯಲ್ಲಿ ಸುತ್ತಿ ಅವಳೇ ಎದೆಗೆ ಅವಚಿಕೊಂಡಳು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಹನೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದಾಗ ಕಂಡಕ್ಟರು ಪೆಟ್ಟಿಗೆಯಲ್ಲಿ ಕೋಳಿ ಇದ್ದರೆ ಟಾಪಿನ ಮೇಲೆ ಹಾಕಿ ಅಂದ.

"ಕೋಳಿ ಅಲ್ಲ ಕಣಪ್ಪ, ನಾನೇ ಇವ್ನಿ ಒಳಗೆ" ಅಂದಳು ದೊಡ್ಡವ್ವ. ದಾರಿಯುದ್ದಕ್ಕೂ ಅವಳು ಆಡಿದ ಮಾತು ಅದೊಂದೇ.

ಸಣ್ಣತಾಯಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯಲ್ಲಿ ಆಡುತ್ತಿದ್ದ ಮೊಮ್ಮಗು ನಮ್ಮನ್ನು ಕಂಡು, ಪಾಟೀ, ಯಾರೋ ವಂದಿರುಕಾಂಗ ಅಂತ ತಮಿಳಿನಲ್ಲಿ ಅಜ್ಜಿಯನ್ನು ಕೂಗುತ್ತಾ ಒಳಕ್ಕೆ ಓಡಿತು. ಬಾಗಿಲಿಗೆ ಬಂದವಳನ್ನು ನಾನು ಅದೇ ಮೊದಲು ನೋಡಿದ್ದು. ದೊಡ್ಡವ್ವನ ಕಥೆ ಕೇಳಿ ಕೇಳಿ ನಾನು ಯಾರೋ ಎತ್ತರದ ಚೆಲುವೆಯನ್ನು ಅಂದುಕೊಂಡಿದ್ದೆ. ಕುಳ್ಳಗೆ, ಗುಂಡಗೆ, ಮೊಣಕೈತನಕ ರಾಗಿ ಹಿಟ್ಟು ಮೆತ್ತಿಕೊಂಡ ಹೆಂಗಸು. ದೊಡ್ಡವ್ವನನ್ನು ನೋಡಿದಳು.

"ನಿನ್ ತಂಗಿ ಮೊಗೀಗೆ ಕುಲಾವಿ ಸರ್ಯಾಗಾಯ್ತಾ" ಅಂದಳು.

ಆ ಮಗುವಿಗೆ ಆಗ ಹದಿನೇಳು ವರ್ಷ, ಮೀಸೆ ಬಂದಿತ್ತು. ದೊಡ್ಡವ್ವ ತಲೆ ತಗ್ಗಿಸಿ ಜಗಲಿಯ ಮೇಲೆ ಕೂತಳು. ಸೊಸೆ ನೀರು ಬೆಲ್ಲ ತಂದಿಟ್ಟಳು. ನನಗೆ ಬಾಯಾರಿತ್ತು, ನಾಚಿಕೆಯಿಲ್ಲದೆ ಎರಡು ಚೊಂಬು ಕುಡಿದೆ. ದೊಡ್ಡವ್ವ ಮುಟ್ಟಲಿಲ್ಲ. ಮದುವೆಯ ವಿಷಯ ಹೇಳಿದಳು, ಬಿದ್ದ ಸೊಲ್ಲುಗಳ ವಿಷಯ ಹೇಳಿದಳು, ವೀಳ್ಯ ಎದುರಿಗೆ ಇಟ್ಟಳು. ಸಣ್ಣತಾಯಮ್ಮ ಕೈ ಚಾಚಲಿಲ್ಲ. ನಮ್ಮ ಕಡೆ ಮದುವೆಗೆ ತಂದ ವೀಳ್ಯ ಜಗಲಿಯ ಮೇಲೆ ಹಾಗೇ ಬಿದ್ದಿದೆ ಅಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ.

ನಾನು ಕೊಳಗವನ್ನು ಬೋರಲು ಹಾಕಿ ಅದರ ಮೇಲೆ ಪೆಟ್ಟಿಗೆ ಇಟ್ಟೆ. ಕೀಲಿಯನ್ನು ಎಣಿಸಿ ಎಣಿಸಿ ತಿರುಗಿಸಿದೆ. ಎರಡನೇ ಮಗ್ಗುಲು ಮೇಲೆ ಮಾಡಿ ಸೂಜಿ ಇಟ್ಟೆ.

ಬಾಗಿಲ ತೋರಣ ಬಾಡೋದ್ರೊಳಗೆ ಬಂದೋಗು ಮಗಳೆ, ಅಂತ ಇಪ್ಪತ್ತಾರು ವರ್ಷದ ದೊಡ್ಡವ್ವ ಹಾಡಿದಳು. ಆಮೇಲೆ ಸುಯ್ ಅನ್ನುವ ಸದ್ದು. ನಡುಹಗಲು, ಬೀದಿಯಲ್ಲಿ ನಾಯಿಯೂ ಬೊಗಳಲಿಲ್ಲ. ಮುಂದಿನ ಸೊಲ್ಲು, ಮತ್ತೆ ಸುಯ್. ಹದಿನಾಲ್ಕೂ ಹೀಗೇ ಹೋದವು. ಸಣ್ಣತಾಯಮ್ಮ ಕಂಬಕ್ಕೆ ಒರಗಿ ಕೇಳಿದಳು, ತುಟಿ ಅಲುಗಿಸಲಿಲ್ಲ.

"ಇದ್ಯಾಕೆ ಇಂಗೆ ನಿಂತ್ ನಿಂತ್ ಓಯ್ತದೆ" ಅಂತ ಪೆಟ್ಟಿಗೆಯನ್ನೇ ಕೇಳಿದಳು.

"ನೀ ಇರ್ನಿಲ್ವಲ್ಲ" ಅಂದಳು ದೊಡ್ಡವ್ವ.

"ಪಿಟೀಲಿತ್ತಲ್ಲ."

"ಅದು ಆ ಮಗ್ಗುಲ್ಗೆ. ಇತ್ತಗೆ ಯಾರೂ ಇರ್ನಿಲ್ಲ. ನಿಲ್ಲಬ್ಯಾಡ ಅಂತ ಆ ಸಾರು ಯೋಳ್ದ, ನಾನೂ ಆಣೆ ಮಾಡ್ದೆ. ಆದ್ರೆ ನಂಗೆ ಮುಂದ್ಲದು ಬರ್ನಿಲ್ಲ ಕಣೆ. ಅದು ನಿನ್ ಬಾಯಲ್ಲಿತ್ತು."

ಸಣ್ಣತಾಯಮ್ಮ ಕಂಬ ಬಿಟ್ಟು ನೆಟ್ಟಗೆ ನಿಂತಳು. ಆಮೇಲೆ, "ಅದಿನೇಳು ವರ್ಸ ಬಿದ್ದಿರೋ ಸೊಲ್ಲ ಎತ್ತಕ್ಕೆ ನಾನೇನ್ ಪಿಟೀಲಾ" ಅಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಒಲೆಯ ಮುಂದೆ ಪಾತ್ರೆ ಕುಟ್ಟುವ ಸದ್ದು ಬಂತು.

ಎರಡು ಗಂಟೆಗೆ ವಾಪಸು ಬಸ್ಸು. ದೊಡ್ಡವ್ವ ಏಳಲಿಲ್ಲ. ಎದುರಿಗಿದ್ದ ವೀಳ್ಯವನ್ನು ನೋಡುತ್ತಾ, ಇನ್ನೊಂದ್ ಕಿತ ಆಕವ್ವ ಅಂದಳು ನನಗೆ. ಹಾಕಿದೆ. ಮೊದಲನೇ ಸೊಲ್ಲು ಮುಗಿಯಿತು, ಸುಯ್ ಶುರುವಾಯಿತು. ದೊಡ್ಡವ್ವ ಬಾಗಿಲ ಕಡೆ ಕತ್ತು ತಿರುಗಿಸಿದಳು. ಎರಡನೆಯದಕ್ಕೂ ತಿರುಗಿಸಿದಳು. ಮೂರನೆಯದಕ್ಕೆ ತಿರುಗಿಸಿದ ಆ ಕತ್ತನ್ನು ನನ್ನ ಕೈಲಿ ನೋಡಲಾಗಲಿಲ್ಲ. ನಾನು ಬಾಯಿ ತೆಗೆದು ಎತ್ತಿಬಿಟ್ಟೆ, ಎಮ್ಮೆ ಕರುವಿನ ದನಿಯಲ್ಲಿ. ಅರ್ಧ ಸೊಲ್ಲು ಎತ್ತಿರಬೇಕು.

"ನೀ ಬಾಯ್ ಮುಚ್ಕ ಕೂಸೆ. ಅದು ನನ್ ಸೊಲ್ಲು."

ಹಿಟ್ಟು ತಿರುವುವ ಕೋಲು ಕೈಯಲ್ಲೇ ಹಿಡಿದುಕೊಂಡು ಸಣ್ಣತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಆ ಕೋಲಿನಲ್ಲೇ ನನಗೆ ಬೀಳುತ್ತದೆ ಅಂದುಕೊಂಡೆ. ಅವಳು ಬಂದು ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು, ಮೊದಲಿಂದ ಇಡು ಅಂತ ಸನ್ನೆ ಮಾಡಿದಳು. ನಾನಿಟ್ಟ ಸೂಜಿ ಎರಡು ಸಲ ಜಾರಿತು.

ಅವಳು ಎತ್ತಿದಳು. ಶುರುವಿಗೆ ದನಿ ತುಕ್ಕು ಹಿಡಿದ ರಾಟೆಯ ಹಾಗೆ ಕಿರುಗುಟ್ಟಿತು. ಎರಡನೇ ಸೊಲ್ಲಿಗೆ ಕೆಮ್ಮಿದಳು. ನಾಲ್ಕನೆಯದಕ್ಕೆ ದಾರಿಗೆ ಬಂತು. ಆಮೇಲೆ ಏನಾಯಿತು ಅಂತ ಹೇಳಲು ನನಗೆ ಸರಿಯಾಗಿ ಬರುವುದಿಲ್ಲ. ಪೆಟ್ಟಿಗೆಯಲ್ಲಿ ಹರೆಯದ ಹೆಂಗಸು ಕೂಗುತ್ತಾಳೆ, ಜಗಲಿಯಲ್ಲಿ ತಲೆ ನರೆತ ಹೆಂಗಸು ಓಗೊಡುತ್ತಾಳೆ. ಪ್ಲೇಟು ಇವಳಿಗಾಗಿ ಎಷ್ಟು ಜಾಗ ಬಿಟ್ಟಿತ್ತೋ ಇವಳ ಉಸಿರು ಅಷ್ಟೇ ಉದ್ದ, ಒಂದು ಎಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ಅವಳು ಪೆಟ್ಟಿಗೆಯನ್ನು ಬಿಟ್ಟು ಬೇರೆ ಕಡೆ ನೋಡಲಿಲ್ಲ. ಪಕ್ಕದಲ್ಲಿ ಕೂತಿದ್ದ ದೊಡ್ಡವ್ವನನ್ನಂತೂ ನೋಡಲೇ ಇಲ್ಲ. ತನ್ನನ್ನು ಬಿಟ್ಟು ಹೋದ ಆ ಹಳೇ ಪುಟ್ಟಮಾದಿಗೇ ಅವಳು ಓಗೊಟ್ಟದ್ದು. ದೊಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡು, ತನ್ನದೇ ದನಿಯನ್ನು ಯಾರದೋ ದನಿಯ ಹಾಗೆ ಕೇಳುತ್ತಾ ಕೂತಿದ್ದಳು. ತಮಿಳು ಆಡುವ ಮೊಮ್ಮಕ್ಕಳು ಆಟ ಬಿಟ್ಟು ಬಂದು ಸುತ್ತ ನಿಂತಿದ್ದವು. ಅವರ ಅಜ್ಜಿಗೆ ಹಾಡಲು ಬರುತ್ತದೆ ಅಂತ ಅವರಿಗೆ ಆವತ್ತೇ ಗೊತ್ತಾದದ್ದು.

ಹದಿನಾಲ್ಕನೆಯದು ಮುಗಿದು ಸೂಜಿ ನಡುವಿಗೆ ಬಂದು ಕರಕರ ಅಂದಿತು. ನಾನು ಎತ್ತಿಟ್ಟೆ. ಆಗ ದೊಡ್ಡವ್ವ, ಪ್ಲೇಟಿನಲ್ಲಿ ಹಿಡಿಸದೆ ಬಿಟ್ಟುಹೋಗಿದ್ದ ಹದಿನೈದನೇ ಸೊಲ್ಲನ್ನು ಒಡೆದ ದನಿಯಲ್ಲಿ ಹೇಳಿದಳು. ಅಟ್ಟಿ ಮುಂದಿನ ಒಂಗೆಯ ನೆಳ್ಳು ನಿಂದೇ ಮಗಳೆ. ಹೇಳಿ ನಿಲ್ಲಿಸಿದಳು.

ಸಣ್ಣತಾಯಮ್ಮ ಅದನ್ನು ಎತ್ತಲಿಲ್ಲ. ಕೈಗೆ ಮೆತ್ತಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದಳು.

"ಇದ ಇಲ್ಲಿ ಎತ್ತಾಕಿಲ್ಲ. ಮದ್ವೆ ದಿನ ರಾಜಮ್ಮನ್ ಮುಂದೆ ಎತ್ತೀನಿ" ಅಂದಳು. "ಎಲೆ ಬಾಡ್ತಾವೆ, ಇತ್ತಗೆ ಮಡುಗು ಅದ."

ಬಸ್ಸು ತಪ್ಪಿತು. ಹಿಟ್ಟು, ಹುರುಳಿ ಸಾರು ಉಂಡೆವು. ಪ್ಲೇಟನ್ನು ಸಣ್ಣತಾಯಮ್ಮ ತನಗೆ ಕೊಡು ಅಂತ ಕೇಳಲಿಲ್ಲ, ತಾನೇ ಒಳಗೆ ತೆಗೆದುಕೊಂಡು ಹೋಗಿ ಇಟ್ಟಳು. ದೊಡ್ಡವ್ವನೂ ಬೇಡ ಅನ್ನಲಿಲ್ಲ.

ಇದನ್ನು ನಾನು ಎಲ್ಲಿ ಹೇಳಿದರೂ ಯಾರಾದರೊಬ್ಬರು ಆ ರೆಕಾರ್ಡು ಎಲ್ಲಿದೆ ಮೇಡಂ, ಅಪ್‌ಲೋಡ್ ಮಾಡಿ ಅಂತ ಕೇಳುತ್ತಾರೆ. ಇಲ್ಲ. ನಾನು ಮಾರ್ಟಳ್ಳಿಗೆ ಮೂರು ಸಲ ಹೋಗಿ ಬಂದಿದ್ದೇನೆ. ಸಣ್ಣತಾಯಮ್ಮನ ಮನೆಯವರು ಯಾವ ಕಾಲಕ್ಕೋ ಜಮೀನು ಬಿಟ್ಟು ಸೇಲಂ ಕಡೆ ಹೋದರಂತೆ, ಯಾವ ಊರು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಳೇ ಪ್ಲೇಟು ಜೋಪಾನ ಮಾಡುವವರನ್ನೆಲ್ಲ ವಿಚಾರಿಸಿದ್ದೇನೆ. ಮೊದಲನೇ ಮಗ್ಗುಲಾದರೂ ಸಿಕ್ಕರೆ ಸಾಕು, ಪಿಟೀಲಿದ್ದರೂ ಪರವಾಗಿಲ್ಲ ಅನ್ನುವ ಮಟ್ಟಕ್ಕೆ ಇಳಿದಿದ್ದೇನೆ. ದೊಡ್ಡವ್ವನ ಮುಖ ಫೋಟೋದಲ್ಲಿದೆ, ಅವಳ ಕಡೆಯ ಪಾತ್ರೆಗಳು ನನ್ನ ಅಡುಗೆಮನೆಯಲ್ಲಿವೆ. ದನಿಯನ್ನು ಮಾತ್ರ ಎಷ್ಟು ನೆನೆಸಿಕೊಂಡರೂ ಉಬ್ಬಸದ್ದೇ ಕೇಳುತ್ತದೆ, ಹರೆಯದ್ದು ಕೇಳುವುದಿಲ್ಲ. ಹದಿನಾಲ್ಕು ಸೊಲ್ಲಿನಲ್ಲಿ ನನಗೆ ಈಗ ಐದು ಬರುತ್ತವೆ.

ಮದುವೆಗೆ ಎರಡು ದಿನ ಮುಂಚೆಯೇ ಸಣ್ಣತಾಯಮ್ಮ ಬಂದಳು, ಬೀದಿ ಬಾಗಿಲಲ್ಲೇ ಬಂದಳು. ಬಂದವಳೇ ಚಪ್ಪರಕ್ಕೆ ಹಾಕಿದ ಸೋಗೆ ತೆಳ್ಳಗಾಯಿತು ಅಂತ ದೊಡ್ಡಪ್ಪನನ್ನು ಬೈದಳು. ಧಾರೆ ಮುಗಿದು, ಊಟ ಮುಗಿದು, ಬಿಸಿಲು ಇಳಿಯುವ ಹೊತ್ತಿಗೆ ಯಳಂದೂರಿನವರು ಗಾಡಿ ಕಟ್ಟಿಸಿದರು. ರಾಜಮ್ಮಕ್ಕನನ್ನು ಹೊಸಲಿನ ಮೇಲೆ ನಿಲ್ಲಿಸಿದರು. ಅಂಗಳದ ತುಂಬ ಹೆಂಗಸರು. ಸಣ್ಣತಾಯಮ್ಮ ವಾಡಿಕೆಯಂತೆ ಒಂದು ಹೆಜ್ಜೆ ಹಿಂದೆ ಕೂತಳು. ದೊಡ್ಡವ್ವ ಹದಿನೇಳು ವರ್ಷದ ಮೇಲೆ ಮುಂದೆ ಕೂತಳು.

ದೊಡ್ಡವ್ವ ಮೊದಲನೇ ಸೊಲ್ಲು ಹೇಳಿದಳು, ಸಣ್ಣತಾಯಮ್ಮ ಎತ್ತಿಕೊಂಡಳು. ಎರಡನೆಯದನ್ನು ಇವಳು ಹೇಳಿದಳು, ಅವಳು ಎತ್ತಿಕೊಂಡಳು. ಮೂರನೆಯದಕ್ಕೆ ಬಾಯಿ ತೆರೆದವಳಿಗೆ ಉಬ್ಬಸ ಒತ್ತರಿಸಿ ಬಂತು. ದನಿಯೇ ಹೊರಡಲಿಲ್ಲ. ಮಗಳ ಮುಖ ನೋಡುತ್ತಾಳೆ, ಎದೆ ಏರಿಳಿಯುತ್ತದೆ, ಸದ್ದಿಲ್ಲ. ಹಿಂದಿನವಳು ಮುಂದಿನವಳ ಸೊಲ್ಲು ಹೇಳುವ ಪದ್ಧತಿಯೇ ಇಲ್ಲ.

ಸಣ್ಣತಾಯಮ್ಮ ಕುಂತಲ್ಲಿಂದಲೇ ಜರುಗಿ ಮುಂದೆ ಬಂದಳು. ದೊಡ್ಡವ್ವನ ತೊಡೆಗೆ ತೊಡೆ ತಾಗಿಸಿ ಕೂತು, ಮೂರನೇ ಸೊಲ್ಲನ್ನು ತಾನೇ ಹೇಳಿದಳು. ಹೇಳಿ ನಿಲ್ಲಿಸಿ, ಕಾದಳು. ಒಂದು ಗಳಿಗೆ ಆಯಿತು, ಇನ್ನೊಂದು ಗಳಿಗೆ ಆಯಿತು. ಆಮೇಲೆ ದೊಡ್ಡವ್ವ, ಜನ್ಮದಲ್ಲಿ ಮೊದಲ ಸಲ, ಇನ್ನೊಬ್ಬಳ ಸೊಲ್ಲನ್ನು ಎತ್ತಿದಳು.